ಪೆಟ್ಟಿಗೆಯ ಮೇಲಿನ ಕನ್ನಡ ಸೂಚನೆ

ಕಳೆದ ವಾರ ವಸಂತ್ ಕುಂಜ್‌ನ ನಮ್ಮ ಫ್ಲಾಟಿಗೆ ಹೊಸ ಫ್ರಿಜ್ ಬಂದಿತು. ತಂದ ಭಯ್ಯಾ ರಟ್ಟಿನ ಪೆಟ್ಟಿಗೆ ಬಿಚ್ಚಿ ಥರ್ಮೋಕೋಲ್ ಎಳೆದಾಗ ಎದ್ದ ಕಿರ್ರೆಂಬ ಸದ್ದಿನಿಂದ, ಮೇಲಿನ ಮನೆಯಲ್ಲಿದ್ದ ಮೇಡಂ ಅವರ ನೆನಪಾಯಿತೆಂಬುದನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಲೇಖನ ಬರೆಯುವುದು ನನಗೆ ಇದೇ ಮೊದಲು. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಸದರಿ ಮೇಡಂ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಖಭೌತ ವಿಜ್ಞಾನಿಯಾಗಿದ್ದರು. ಮೂಲತಃ ಕೊಡಗಿನವರು, ತಂದೆ ಸೈನ್ಯದಲ್ಲಿದ್ದುದರಿಂದ ಬೆಳೆದದ್ದೆಲ್ಲ ದೆಹಲಿಯಲ್ಲಿ. ಕನ್ನಡ ಕೇಳಿದರೆ ಪೂರ್ತಿ ತಿಳಿಯುತ್ತಿತ್ತು, ಮಾತನಾಡುವಾಗ ಹಿಂದಿ ಸೇರಿಕೊಳ್ಳುತ್ತಿತ್ತು, ಬರೆಯಲು ಮಾತ್ರ ಬರುತ್ತಿರಲಿಲ್ಲ. ಕಪ್ಪುಕುಳಿಗಳ ಸುತ್ತ ಹುಟ್ಟುವ ಕ್ಷ-ಕಿರಣಗಳನ್ನು ಅಳೆಯುವುದು ಅವರ ಕೆಲಸ. ಆ ಕಿರಣಗಳು ನೆಲ ಮುಟ್ಟುವ ಮೊದಲೇ ವಾಯುಮಂಡಲ ಅವನ್ನು ನುಂಗಿಬಿಡುತ್ತದೆ. ಆದ್ದರಿಂದ ಉಪಕರಣವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ದೊಡ್ಡ ಬಲೂನಿಗೆ ಕಟ್ಟಿ, ಹೈದರಾಬಾದಿನಿಂದ ಮೇಲಕ್ಕೆ ಹಾರಿಸುತ್ತಿದ್ದರು. ಕೆಲವು ಗಂಟೆಗಳ ಬಳಿಕ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು... ಎಲ್ಲಿ ಎಂಬುದು ಗಾಳಿಯ ಮರ್ಜಿ.

ಒಂದು ಬೆಳಿಗ್ಗೆ ಮೇಡಂ ನಮ್ಮ ಮನೆಗೆ ಬಂದರು. ಈ ಸಲ ಗಾಳಿ ಬೀದರ್ ಕಡೆಗಿದೆ. ಹಿಂದಿನ ಸಲ ಪೆಟ್ಟಿಗೆ ಸಿಕ್ಕವರು ಒಡೆದು ನೋಡಿದ್ದರಿಂದ ಅಳತೆಗಳೆಲ್ಲ ಹಾಳಾದವು. ಮುಂದಿನ ವರ್ಷ ತಮಗೆ ನಿವೃತ್ತಿ, ಇದೇ ಕೊನೆಯ ಹಾರಾಟ. ಪೆಟ್ಟಿಗೆಯ ಮೇಲೆ ಅಂಟಿಸಲು ಕನ್ನಡದಲ್ಲೊಂದು ಸೂಚನೆ ಬೇಕು ಎಂದರು. ದೆಹಲಿಯಲ್ಲಿರುವ ನಮ್ಮ ರಾಜ್ಯ ಸರ್ಕಾರದ ಕಚೇರಿಯಲ್ಲಿ ಕನ್ನಡ ಪತ್ರಗಳ ಕರಡು ಸಿದ್ಧಪಡಿಸುವುದೇ ನನ್ನ ಕೆಲಸವಾಗಿತ್ತು. ಉತ್ಸಾಹದಿಂದ ಬರೆದು ಓದಿ ಹೇಳಿದೆ: ಸದರಿ ಪೆಟ್ಟಿಗೆಯನ್ನು ಅನಧಿಕೃತವಾಗಿ ತೆರೆಯತಕ್ಕದ್ದಲ್ಲ, ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.

ಮೇಡಂ ಚಹಾದ ಲೋಟ ಕೆಳಗಿಟ್ಟರು. "ಅಚ್ಛಾ... ಇದನ್ನ ಕೇಳಿ ನನಗೇ ಭಯ ಆಯ್ತಮ್ಮ. ಪೊಲೀಸ್ ಚಕ್ಕರ್ ಯಾಕೆ ಅಂತ ಅವರು ಪೆಟ್ಟಿಗೇನ ಬಾವಿಗೆ ಹಾಕಿಬಿಟ್ರೆ?"

ಅದು ನನಗೆ ಹೊಳೆದೇ ಇರಲಿಲ್ಲ. ಬೀದರ್ ಬಳಿಯ ಭಾಲ್ಕಿಯಲ್ಲಿದ್ದ ಚಿಕ್ಕಮ್ಮನಿಗೆ ಫೋನ್ ಮಾಡಿ, ಆಕಾಶದಿಂದ ಒಂದು ಪೆಟ್ಟಿಗೆ ನಿನ್ನ ಹೊಲಕ್ಕೆ ಬಿದ್ದರೆ ಏನು ಮಾಡುತ್ತೀ ಎಂದು ಕೇಳಿದೆ.

"ತೆಗದು ನೋಡ್ತೀನಿ. ಮತ್ತೇನ್ ಪೂಜಿ ಮಾಡ್ಲ್ಯಾ?"

ತೆರೆಯಬೇಡಿ ಎಂದು ಮೇಲೆ ಬರೆದಿದ್ದರೆ ಎಂದೆ.

"ಯಾಕಂತ ಹೇಳಿದ್ರ ತೆಗ್ಯಂಗಿಲ್ಲ."

ಆದ್ದರಿಂದ ಯಾಕೆಂದು ಬರೆದೆವು. ಇದರೊಳಗೆ ಬಹುದೂರದ ಆಕಾಶದ ಅಳತೆಗಳಿವೆ. ಒಬ್ಬ ಮೇಡಂ ಇದಕ್ಕಾಗಿ ನಾಲ್ಕು ವರ್ಷ ದುಡಿದಿದ್ದಾರೆ. ತೆರೆದರೆ ಎಲ್ಲ ಹಾಳಾಗುತ್ತದೆ. ಕದಲಿಸಬೇಡಿ, ನೆರಳಿನಲ್ಲಿಡಿ, ಫೋನ್ ಮಾಡಿ. ಕೆಳಗೆ ಅವರ ಸಂಖ್ಯೆ, ಅದರ ಕೆಳಗೆ ನನ್ನದು.

ಮಂಡಿನೋವಿನಿಂದಾಗಿ ಮೇಡಂ ತಾವು ಹೋಗದೆ ವಿದ್ಯಾರ್ಥಿಗಳನ್ನು ಹೈದರಾಬಾದಿಗೆ ಕಳಿಸಿದ್ದರು. ಬಲೂನು ಚೆನ್ನಾಗಿಯೇ ಏರಿತು. ಆದರೆ ಇಳಿಯುವಾಗ, ಪೆಟ್ಟಿಗೆ ಎಲ್ಲಿದೆಯೆಂದು ತಿಳಿಸುವ ಸಂಕೇತ ನಿಂತುಹೋಯಿತು. ಎರಡು ದಿನ ಸುದ್ದಿಯಿಲ್ಲ. ಮೆಟ್ಟಿಲ ಮೇಲೆ ಸಿಕ್ಕಾಗ, ಕಪ್ಪುಕುಳಿಯೇ ಅದನ್ನು ಕರೆಸಿಕೊಂಡಿರಬೇಕು ಎಂದು ಮೇಡಂ ನಗುತ್ತಿದ್ದರು... ನಗು ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಮೂರನೆಯ ದಿನ ಭಾನುವಾರ. ಮಂಡಿನೋವು ಮರೆತು ದಡದಡನೆ ಇಳಿದು ಬಂದ ಮೇಡಂ, ಬೀದರ್ ಕಡೆಯ ಮಾತು ಹಿಡಿಯಲಾಗದೆ, ತಮ್ಮ ಫೋನನ್ನು ನನ್ನ ಕಿವಿಗೇ ಒತ್ತಿದರು. ಆ ಕಡೆ ಒಬ್ಬ ಹೆಂಗಸು. ಪೆಟ್ಟಿಗೆ ತಮ್ಮ ಜೋಳದ ಹೊಲದಲ್ಲಿದೆ, ನಿನ್ನೆಯೇ ಸಿಕ್ಕಿತು, ಯಾರೂ ತೆರೆದಿಲ್ಲ ಎಂದರು. ಹಾಗಾದರೆ ನಿನ್ನೆಯೇ ಏಕೆ ತಿಳಿಸಲಿಲ್ಲ ಎಂದು ಕೇಳಿದೆ.

"ಕದಲಿಸಬ್ಯಾಡ್ರಿ ಅಂತ ಬರ್ದೀರಿ, ನೆಳ್ಳಾಗ ಇಡ್ರಿ ಅಂತನೂ ಬರ್ದೀರಿ. ಅಲ್ಲಿ ಒಂದ್ ಗಿಡ ಇಲ್ರಿ. ಅದಕ್ಕ ಅಲ್ಲೇ ಚಪ್ಪರ ಹಾಕೀವ್ರಿ. ತಡ ಆಯ್ತು... ಮೇಡಂ ಸಿಟ್ಟಾಗ್ಯಾರೇನ್ರಿ?"

ಒಂದೇ ಸಾಲಿನಲ್ಲಿ ಎರಡು ವ್ಯತಿರಿಕ್ತ ಆದೇಶಗಳನ್ನು ಹೊರಡಿಸಿದ ಲೋಪ ಸಂಪೂರ್ಣವಾಗಿ ನನ್ನದು. ಆ ಜನ ಎರಡನ್ನೂ ಪಾಲಿಸಿದ್ದರು. ಇದನ್ನು ತಿಳಿಸಿದಾಗ ಮೇಡಂ ನಮ್ಮ ಮೆಟ್ಟಿಲ ಮೇಲೆಯೇ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ವಿದ್ಯಾರ್ಥಿಗಳು ಕಳಿಸಿದ ಫೋಟೋದಲ್ಲಿ ನಾಲ್ಕು ಬಿದಿರ ಗಳಗಳು, ಜೋಳದ ದಂಟಿನ ಚಾವಣಿ, ಅದರಡಿ ಹಸೆಗೆ ಕೂತ ಮದುಮಗಳಂತೆ ಪೆಟ್ಟಿಗೆ. ಅಳತೆಗಳೆಲ್ಲ ಸುರಕ್ಷಿತವಾಗಿದ್ದವು. ಪ್ರಬಂಧ ಪ್ರಕಟವಾದಾಗ ಕೃತಜ್ಞತೆಯ ಸಾಲುಗಳಲ್ಲಿ ಆ ಹೆಂಗಸಿನ ಹೆಸರೇ ಮೊದಲಿತ್ತು.

ನಿವೃತ್ತರಾದ ಮೇಲೆ ಮೇಡಂ ಗುರುಗ್ರಾಮದ ಮಗಳ ಮನೆಗೆ ಹೋದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಈಗ ಫರೀದಾಬಾದಿನಲ್ಲಿ ಪಾಠ ಹೇಳುತ್ತಿರುವ ಅವರ ವಿದ್ಯಾರ್ಥಿಯೊಬ್ಬರು ಹೊಸ ಬಲೂನು ಹಾರಿಸಲಿದ್ದು, ಅದೇ ಸೂಚನೆ ಬೇಕೆಂದು ಮೊನ್ನೆ ಕೇಳಿದರು. ಕದಲಿಸಬೇಡಿ, ನೆರಳಿನಲ್ಲಿಡಿ ಎಂಬ ಸಾಲನ್ನು ತಿದ್ದೋಣವೇ ಎಂದೂ ಕೇಳಿದರು. ಅದು ಇದ್ದ ಹಾಗೆಯೇ ಇರಲಿ ಎಂದೆ.

ತಿದ್ದಬೇಕಾದದ್ದು ಬೇರೆ ಇತ್ತು. ಮೇಡಂ ಅವರ ಸಂಖ್ಯೆಯನ್ನು ಅಳಿಸಿ... ಸ್ವಲ್ಪ ಹೊತ್ತು ಆ ಜಾಗವನ್ನು ಖಾಲಿಯೇ ಬಿಟ್ಟಿದ್ದು, ಆಮೇಲೆ ಕೆಳಗಿದ್ದ ನನ್ನ ಸಂಖ್ಯೆಯನ್ನು ಅಲ್ಲಿಗೆ ಏರಿಸಿದೆ.