ಡಬಲಣ್ಣನ ಪಂಪು

ಆ ಹೆಸರು ಇಟ್ಟವರು ಜೊತೆಯಲ್ಲಿ ಕೆಲಸ ಮಾಡುವವರೇ. ಅವನು ಲಿಫ್ಟ್ ರಿಪೇರಿಯವನು. ಒಂದು ಬೋಲ್ಟು ಸಾಕು ಎಂದಲ್ಲಿ ಎರಡು ಹಾಕುವವನು. ಬಿಗಿ ಮಾಡಿದ್ದನ್ನೇ ಇನ್ನೊಮ್ಮೆ ಬಿಗಿ ಮಾಡಿ, ‘ಆಯ್ತು, ಆಯ್ತು’ ಎಂದು ಎರಡು ಸಲ ಹೇಳುವವನು. ಮೋಡ ಕಂಡರೆ ಬ್ಯಾಗಿನಲ್ಲಿ ಎರಡು ಕೊಡೆ. ಹೀಗಾಗಿ ಡಬಲಣ್ಣ. ನಗುವವರು ನಗಲಿ, ಇಷ್ಟು ವರ್ಷದಲ್ಲಿ ಅವನು ಕೈಯಿಟ್ಟ ಒಂದು ಲಿಫ್ಟೂ ಯಾರ ಕೈಕಾಲನ್ನೂ ಮುರಿದಿರಲಿಲ್ಲ. ಈ ಮಾತನ್ನು ಬೇರೆ ಯಾರೂ ಹೇಳದ ಕಾರಣ ಅವನೇ ಹೇಳಿಕೊಳ್ಳುತ್ತಿದ್ದ.

ಅಂಥವನಿಗೆ ಇದ್ದ ಹುಚ್ಚು ಒಂದೇ. ಮನೆಯ ಹಾಲ್‌ನಲ್ಲಿ, ಎರಡು ಕೈ ಚಾಚಿದಷ್ಟು ಉದ್ದದ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಕಲ್ಲು, ಕಲ್ಲಿನ ಮೇಲೆ ಜೀವಂತ ಹವಳ. ಹವಳ ಎಂದರೆ ಕೊರಳಿಗೆ ಹಾಕುವ ಕೆಂಪು ಮಣಿ ಎಂದುಕೊಂಡು ಬಂದ ನೆಂಟರು, ಇದು ನೀರಿನಲ್ಲಿ ಬೆರಳಾಡಿಸುವ ಹಾಗೆ ಆಡುವುದನ್ನು ಕಂಡು ಬಾಯಿ ಬಿಟ್ಟು ನಿಲ್ಲುತ್ತಿದ್ದರು. ಬೆಳಕು ಬಂದರೆ ಅರಳುವ, ದೀಪ ಆರಿದರೆ ಮುದುಡುವ ಜೀವ ಅದು. ಹೆಬ್ಬೆರಳಿನಷ್ಟಿದ್ದ ತುಂಡನ್ನು ತಂದು ಅಂಗೈಯಷ್ಟು ಮಾಡಲು ಅವನಿಗೆ ವರ್ಷಗಳೇ ಹಿಡಿದಿದ್ದವು. ದಿನವಿಡೀ ಗ್ರೀಸು, ಕತ್ತಲೆ ಗುಂಡಿ, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಬೈಗುಳ. ಸಂಜೆ ಆ ಗಾಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಾಗಲೇ ಅವನಿಗೆ ಜೀವ ಬಂದ ಹಾಗಾಗುತ್ತಿತ್ತು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸದವಳು. ತೊಟ್ಟಿಯ ಬಗ್ಗೆ ಅವಳಿಗೆ ದ್ವೇಷವೇನೂ ಇರಲಿಲ್ಲ. ಆದರೆ ಹಿಂದಿನ ವರ್ಷ ಒಂದು ಪೈಪಿನ ಸಂದು ಬಿಟ್ಟು, ನೆಲದ ಮೇಲೆ ನೀರು ನಿಂತು, ಅವಳು ಜಾರಿ ಬಿದ್ದಳು. ಮಂಡಿಗೆ ಆಪರೇಷನ್ ಆಯಿತು. ಎಷ್ಟೋ ತಿಂಗಳು ಊರುಗೋಲು. ಕೂಗಾಡಲಿಲ್ಲ, ಅಳಲಿಲ್ಲ. ಊರುಗೋಲನ್ನು ಮೂಲೆಗಿಟ್ಟ ದಿನ ಒಂದು ಮಾತು ಹೇಳಿದಳು, ಅಷ್ಟೇ.

“ನೋಡಿ, ಇನ್ನೊಂದು ಸಲ ಈ ನೆಲಕ್ಕೆ ನೀರು ಬಂದ್ರೆ ಇದು ಈ ಮನೇಲಿ ಇರಲ್ಲ. ಆಮೇಲೆ ಹಲುಬಬೇಡಿ.”

“ಬರಲ್ಲ, ಬರಲ್ಲ,” ಎಂದಿದ್ದ ಡಬಲಣ್ಣ.

ಆಮೇಲೆ ಪಂಪು ಸತ್ತಿತು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇನ್ನೊಂದು ಸಣ್ಣ ತೊಟ್ಟಿ ಇತ್ತು, ಅದನ್ನು ಸಂಪು ಎನ್ನುತ್ತಿದ್ದರು. ಮೇಲಿನ ನೀರು ತಾನಾಗಿ ಅಲ್ಲಿಗಿಳಿದು ಶುದ್ಧವಾಗುತ್ತಿತ್ತು. ಅದನ್ನು ಮತ್ತೆ ಮೇಲಕ್ಕೆ ತಳ್ಳುವುದೇ ಈ ಪಂಪಿನ ಕೆಲಸ. ಅದು ನಿಂತರೆ ಮೇಲಿನ ನೀರು ಕೊಳೆಯಲು ಶುರು. ಹವಳ ಮುದುಡಿಕೊಂಡು ಕೂತುಬಿಟ್ಟಿತು. ಹೊಸ ಪಂಪು ತರುವುದೆಂದರೆ ಏನು ಮಹಾ, ಅಂಗಡಿಗೆ ಹೋಗು, ತಗೊಂಡು ಬಾ ಎಂದು ನೀವು ಅಂದುಕೊಳ್ಳಬಹುದು. ಅವನೂ ಹಾಗೇ ಅಂದುಕೊಂಡ, ಪಾಪ.

ಮೊದಲು ಫೋನಿನಲ್ಲಿ ಹುಡುಕಿದ. ಹವಳ ಸಾಕುವವರ ಗುಂಪೊಂದಿತ್ತು. ಯಾವ ಪಂಪು ಒಳ್ಳೆಯದು ಎಂದು ಕೇಳಿದ್ದೇ ತಡ, ಒಬ್ಬ ಇದೇ ಒಳ್ಳೆಯದು ಎಂದ, ಇನ್ನೊಬ್ಬ ಅದನ್ನು ತಂದರೆ ಮನೆ ಹಾಳು ಎಂದ. ಮೂರನೆಯವನು ಪಂಪಿನ ಮಾತು ಬಿಟ್ಟು ನಿಮ್ಮ ಕಲ್ಲು ಜೋಡಿಸಿದ್ದೇ ಸರಿಯಿಲ್ಲ ಎಂದ. ಸ್ವಲ್ಪ ಹೊತ್ತಿಗೆ ಅವರವರೇ ಬೈದಾಡಿಕೊಳ್ಳತೊಡಗಿದರು, ಕೇಳಿದವನನ್ನು ಯಾರೂ ತಿರುಗಿ ನೋಡಲಿಲ್ಲ. ಡಬಲಣ್ಣ ಫೋನನ್ನು ದಿಂಬಿನ ಮೇಲೆ ಕುಕ್ಕಿದ.

ಅಕ್ವೇರಿಯಂ ಅಂಗಡಿಗೆ ಹೋದ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ, ಗಂಟೆಗೆ ಇಷ್ಟು ಲೀಟರ್ ಎಂದು ಬರೆದಿತ್ತು. ಅದನ್ನು ನಂಬಿ ಒಂದನ್ನು ತಂದು ಕೂರಿಸಿದರೆ ಮೇಲೆ ಬಂದ ನೀರು ನೆಗಡಿಯಾದ ಮೂಗು ಸೋರುವಷ್ಟೇ. ಸಾಲದ್ದಕ್ಕೆ ಕಪಾಟೆಲ್ಲ ಗುಂಯ್ ಎಂದು ನಡುಗುತ್ತಿತ್ತು. ವಾಪಸು ಹೊತ್ತುಕೊಂಡು ಹೋದ.

“ಡಬ್ಬದ ಮೇಲೆ ಬರೆದಿರೋದು ಸುಳ್ಳಾ ಹಾಗಾದ್ರೆ?”

“ಸುಳ್ಳಲ್ಲಣ್ಣ,” ಎಂದ ಅಂಗಡಿಯವನು, ಮೀನಿಗೆ ಆಹಾರ ಹಾಕುತ್ತಲೇ. “ಅದು ಸಮನೆಲದ ಮೇಲೆ ಓಡೋವನ ಲೆಕ್ಕ. ಮೆಟ್ಟಿಲು ಹತ್ತೋವಾಗ ಅಷ್ಟೇ ಜೋರಾಗಿ ಓಡಕ್ಕಾಗತ್ತಾ? ಪೈಪು ಎಷ್ಟು ಎತ್ತರ, ಎಷ್ಟು ತಿರುವು, ಅದೆಲ್ಲ ಕಳೀಬೇಕು.”

“ಅದನ್ನ ಮೊದಲೇ ಹೇಳಕ್ಕೇನಾಗಿತ್ತು?”

“ನೀವು ಕೇಳಿದ್ರಾ?”

ಡಬಲಣ್ಣನ ಪಿತ್ತ ನೆತ್ತಿಗೇರಿತು. ಅಂಗಡಿಯವನು ಇದಕ್ಕಿಂತ ಒಂದು ಮೆಟ್ಟಿಲು ದೊಡ್ಡದನ್ನು ತೆಗೆದಿಟ್ಟು, ಇಷ್ಟು ಸಾಕು ಎಂದ. ‘ಸಾಕು’ ಎಂಬ ಮಾತು ಡಬಲಣ್ಣನ ಕಿವಿಗೆ ಯಾವತ್ತೂ ಹಿತವಾಗಿ ಕೇಳಿದ್ದಲ್ಲ. ಅದರ ಎರಡರಷ್ಟು ಜೋರಿನದನ್ನೇ ಹೊತ್ತುಕೊಂಡು ಬಂದ.

ಬಂದದ್ದು ಪಂಪಲ್ಲ, ರಗಳೆ. ಅದು ಸಂಪಿನ ನೀರನ್ನೆಲ್ಲ ಗಟಗಟ ಕುಡಿದು ಗಾಳಿ ಎಳೆಯತೊಡಗಿತು. ತೊಟ್ಟಿಯ ತುಂಬ ಸೋಡಾ ಬಾಟಲಿಯ ಹಾಗೆ ಗುಳ್ಳೆ. ಇಳಿಯುವ ಪೈಪು ಅಷ್ಟು ನೀರು ನುಂಗಲಾರದೆ ಗೊಳಗೊಳ ಎಂದು ಗಂಟಲು ಕಟ್ಟಿದವರ ಹಾಗೆ ಒದ್ದಾಡಿತು. ಪೈಪಿಗೆ ಹಾಕಿದ್ದ ನಲ್ಲಿ ತಿರುಗಿಸಿ ಪಂಪಿನ ಜೋರು ಕಡಿಮೆ ಮಾಡಿದ. ಆಗ ನಲ್ಲಿಯೇ ಸಿಳ್ಳೆ ಹಾಕಿತು. ಊಟ ಬಿಟ್ಟು, ಕಪಾಟಿನೊಳಗೆ ತಲೆ ತೂರಿಸಿಕೊಂಡು, ತನಗೆ ತಾನೇ ಬೈದುಕೊಳ್ಳುತ್ತ ಕೂತ.

“ಚಿಕ್ಕದು ತರಬಾರದಿತ್ತಾ?” ಎಂದಳು ಹೆಂಡತಿ, ಒಳಗಿನಿಂದ.

“ನಿಂಗೇನು ಗೊತ್ತು ಮೋಟರಿನ ವಿಷಯ!”

ಕೊನೆಗೆ ಗುಳ್ಳೆ ನಿಲ್ಲಿಸಲು ಅವನಿಗೆ ಕಂಡ ದಾರಿ, ಸಂಪಿಗೆ ಅಂಚಿನ ತನಕ ನೀರು ತುಂಬಿಸುವುದು. ತುಂಬಿಸಿದ, ಗುಳ್ಳೆ ನಿಂತಿತು. ಆದರೆ ಇದನ್ನು ಹೇಳಿದ್ದೇ ತಡ, ಅಂಗಡಿಯವನು ಫೋನಿನಲ್ಲಿ ಹೌಹಾರಿದ.

“ಅಣ್ಣಾ, ಹಾಗೆ ಮಾಡ್ಬೇಡಿ! ಕರೆಂಟ್ ಹೋದ್ರೆ ಮೇಲೆ ತಳ್ಳೋ ಪೈಪೇ ನೀರನ್ನ ವಾಪಸ್ ಕೆಳಗೆ ಎಳ್ಕೊಳತ್ತೆ. ಅದು ಬಂದು ಕೂರಕ್ಕೆ ಸಂಪಲ್ಲಿ ಜಾಗ ಬಿಡ್ಬೇಕು. ನೀರು ಇಳಿಯತ್ತೆ, ಇಳೀಲಿ ಬಿಡಿ.”

ಇಳೀಲಿ ಬಿಡಿ! ಹೇಳಿದ್ದು ಯಾರಿಗೆ? ಲಿಫ್ಟಿನವನಿಗೆ! ಕರೆಂಟು ಹೋದರೆ ಲಿಫ್ಟು ಎಲ್ಲಿದೆಯೋ ಅಲ್ಲೇ ಕಚ್ಚಿಕೊಂಡು ನಿಲ್ಲಬೇಕು, ಒಂದು ಕೂದಲೆಳೆಯಷ್ಟೂ ಜಾರಬಾರದು. ಅವನು ಕಲಿತ ಮೊದಲ ಪಾಠವೇ ಅದು, ಅನ್ನ ಹಾಕಿದ ಪಾಠವೂ ಅದೇ. ಬ್ರೇಕಿಲ್ಲದ್ದು ಯಾವುದನ್ನೂ ಅವನು ನಂಬಿದವನಲ್ಲ. ನೀರಿಗೂ ಒಂದು ಬ್ರೇಕು ಹಾಕಿದರಾಯಿತು ಎಂದು, ನೀರು ಮೇಲಕ್ಕೆ ಮಾತ್ರ ಹೋಗಬಲ್ಲ, ಹಿಂದಕ್ಕೆ ಬಾರದ ನಾನ್-ರಿಟರ್ನ್ ವಾಲ್ವನ್ನು ತಂದು ಪೈಪಿಗೆ ಹಾಕಿದ. ಎಷ್ಟು ಹಾಕಿದ ಎಂದು ಕೇಳುವುದೇ ಬೇಡ, ಎರಡು. ಸ್ವಿಚ್ಚು ಆರಿಸಿ ಪರೀಕ್ಷೆಯನ್ನೂ ಮಾಡಿದ. ನೀರು ಅಲ್ಲಾಡಲಿಲ್ಲ. ಅಂಗಡಿಯವನಿಗೆ ಫೋನು ಮಾಡಿ, “ನೋಡು, ಕಲ್ತುಕೋ,” ಎಂದ. ನಾಲ್ಕು ದಿನ ಕಳೆಯುವಷ್ಟರಲ್ಲಿ ಹವಳ ಅರಳಿತು. ಇಷ್ಟೆಲ್ಲ ಪಾಡು ಪಟ್ಟ ಮೇಲೆ ಅವನು ಮತ್ತೆ ಕುರ್ಚಿ ಎಳೆದುಕೊಂಡು ಕೂತ.

ನೀರಿಗೆ ಲಿಫ್ಟಿನ ಕಾನೂನು ಯಾರು ಓದಿಸಿದ್ದಾರೆ? ಉಪ್ಪುನೀರಿನಲ್ಲಿ ಕಣ್ಣಿಗೆ ಕಾಣದ ಹುಳುಗಳಿರುತ್ತವೆ. ಸಿಕ್ಕಲ್ಲೆಲ್ಲ ಅಂಟಿಕೊಂಡು ಸುಣ್ಣದಂಥ ಗೂಡು ಕಟ್ಟುತ್ತವೆ. ತಿಂಗಳುಗಳು ಕಳೆದ ಹಾಗೆ ವಾಲ್ವಿನ ಬಾಯಿ ಅವಕ್ಕೆ ಒಳ್ಳೆಯ ಮನೆಯಾಯಿತು. ಒಂದರಲ್ಲಿ ಕಟ್ಟಿದವು ಇನ್ನೊಂದನ್ನು ಬಿಟ್ಟಾವೆಯೇ? ಎರಡರ ಮುಚ್ಚಳವೂ ಪೂರ್ತಿ ಮುಚ್ಚದ ಹಾಗಾಯಿತು.

ಅವನ ರಜೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಹೆಂಡತಿ ಕೆಲಸಕ್ಕೆ ಹೋಗಿದ್ದಳು, ಡಬಲಣ್ಣ ಒಳಗೆ ಮಲಗಿದ್ದ. ಫ್ಯಾನು ನಿಂತು ಸೆಕೆಗೆ ಎಚ್ಚರವಾಯಿತು. ಹಾಲ್‌ನಲ್ಲಿ ಯಾರೋ ನಲ್ಲಿ ಬಿಟ್ಟಂಥ ಸದ್ದು. ಓಡಿ ಬಂದು ನೋಡಿದರೆ ಕಪಾಟಿನ ಬಾಗಿಲ ಕೆಳಗಿನಿಂದ ನೀರು ಸುರಿಯುತ್ತಿದೆ, ಸೋಫಾದ ಕಾಲು ಆಗಲೇ ನೆಂದಿದೆ. ದಿಕ್ಕು ತೋಚದೆ ಮೊದಲು ಸ್ವಿಚ್ಚು ಆರಿಸಿದ. ಕರೆಂಟೇ ಇಲ್ಲದ ಮೇಲೆ ಆರಿಸುವುದೇನು ಬಂತು! ತೊಟ್ಟಿಗೆ ಕೈ ಹಾಕಿ ಪೈಪಿನ ಬಾಯನ್ನು ನೀರಿನಿಂದ ಮೇಲಕ್ಕೆತ್ತಿದ ಮೇಲೆಯೇ ಅದು ನಿಂತಿದ್ದು. ಹಾಸಿಗೆಯ ಹೊದಿಕೆ, ಟವಲು, ತನ್ನ ಅಂಗಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಾಸಿ, ಹಿಂಡಿ, ಮಂಡಿಯೂರಿ ಮೂಲೆ ಮೂಲೆ ಒರೆಸಿದ. ಸಿಹಿನೀರು ಹಾಕಿ ಮತ್ತೊಮ್ಮೆ ಒರೆಸಿದ. ಅಳು ಬರುವಷ್ಟು ಕೋಪ ಬಂದಿತ್ತು. ಪಂಪಿನ ಮೇಲೋ, ಅಂಗಡಿಯವನ ಮೇಲೋ, ತನ್ನ ಮೇಲೋ ಅವನಿಗೇ ತಿಳಿಯಲಿಲ್ಲ.

ಹೆಂಡತಿ ಬರುವ ಹೊತ್ತಿಗೆ ಕರೆಂಟು ಬಂದಿತ್ತು, ನೆಲ ಒಣಗಿತ್ತು. ಒದ್ದೆ ಬಟ್ಟೆಯೆಲ್ಲ ಬಚ್ಚಲಿನ ಬಕೆಟ್ಟಿನಲ್ಲಿ. ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಬಿಡುವುದಿಲ್ಲ ಎಂದೇ ಅವನು ತೀರ್ಮಾನಿಸಿ, ತೊಟ್ಟಿಯ ಪಕ್ಕ ನಿಂತಿದ್ದ.

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಡುಗೆಮನೆಗೆ ಹಾಲ್‌ನ ನಡುವಿನಿಂದಲೇ ನೇರ ದಾರಿ. ಅವಳು ಆ ಕಡೆ ಬರಲಿಲ್ಲ. ಎಡಗೈಯನ್ನು ಗೋಡೆಗೆ ಊರಿದಳು. ಗೋಡೆ ಹಿಡಿದೇ ಸೋಫಾದ ಹಿಂದಿನಿಂದ ಸುತ್ತು ಹಾಕಿ, ಒಂದೊಂದೇ ಹೆಜ್ಜೆ ಒತ್ತಿ ನೋಡುತ್ತ ಹೋದಳು.

“ಯಾಕೆ, ಮತ್ತೆ ಮಂಡಿ ನೋವಾ?”

“ಮಂಡಿ ವಾಸಿಯಾಗಿ ಎಷ್ಟು ದಿನ ಆಯ್ತು.”

“ಮತ್ತೆ ಗೋಡೆ ಹಿಡ್ಕೊಂಡು ಹೋಗ್ತಿದೀಯಲ್ಲ?”

ಅವಳು ತಿರುಗಿ ನೋಡಿದಳು, ಇದೇನು ಹೊಸದಾಗಿ ಕೇಳುತ್ತಾನೆ ಎನ್ನುವ ಹಾಗೆ. “ಬಿದ್ದಾಗಿಂದ ಹೀಗೇ ತಾನೇ ನಾನು ಓಡಾಡೋದು? ಅಲ್ಲಿ ಕಾಲಿಡೋಕೆ ಭಯ ಆಗತ್ತೆ ನಂಗೆ.”

ದೂರಿನ ದನಿಯಲ್ಲಿ ಹೇಳಲಿಲ್ಲ. ಸಕ್ಕರೆ ಮುಗಿದಿದೆ ಎನ್ನುವ ಹಾಗೆ ಹೇಳಿದಳು. ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದು ಬೆರಳಿನಷ್ಟು ಹೆಚ್ಚುಕಮ್ಮಿಯಾದರೆ ಗುರುತಿಲ್ಲದ ಯಾರೋ ಎಡವುತ್ತಾರೆಂದು ಗಂಟೆಗಟ್ಟಲೆ ಬಗ್ಗಿ ಸರಿ ಮಾಡುವವನು ಅವನು. ಮನೆಯಲ್ಲಿ ದಿನವೂ ಸಂಜೆ ಗಾಜಿಗೆ ಮುಖ ಮಾಡಿ ಕೂತಿದ್ದ. ಅವಳು ಅವನ ಬೆನ್ನ ಹಿಂದೆ ಗೋಡೆ ಹಿಡಿದು ಓಡಾಡುತ್ತಿದ್ದಳು.

“ಮಧ್ಯಾಹ್ನ ನೀರು ಬಂತು ಕಣೇ,” ಎಂದ. “ಹಾಲ್ ಪೂರ್ತಿ.”

ಅವಳು ನಿಂತಳು. “ನೀವು ಬಿದ್ರಾ?”

“ಇಲ್ಲ.”

“ಸದ್ಯ,” ಎಂದು ಅಡುಗೆಮನೆಗೆ ಹೋದಳು. ತಾನು ಹಾಕಿದ್ದ ಷರತ್ತಿನ ಮಾತೇ ಎತ್ತಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಅಂಗಡಿಯವನಿಗೆ ಫೋನು ಮಾಡಿದ.

“ಏನಣ್ಣ, ಚಿಕ್ಕ ಪಂಪೇ ಬೇಕು ಅನ್ನಿಸ್ತಾ? ತೆಗೆದಿಡ್ಲಾ?”

“ಪಂಪು ಬೇಡಪ್ಪ. ಟೆಂಪೋ ತಗೊಂಡು ಬಾ. ಹವಳ ಸಾಕೋರು ಯಾರಾದ್ರೂ ಇದ್ರೆ ಎಲ್ಲಾ ಒಬ್ರಿಗೇ ಕೊಟ್ಬಿಡು, ಬೇರೆ ಬೇರೆ ಮಾಡ್ಬೇಡ.”

ಮರುದಿನ ತೊಟ್ಟಿ ಹೋಯಿತು. ಹವಳಗಳು ನೀರು ತುಂಬಿದ ಬಕೆಟ್ಟುಗಳಲ್ಲಿ ಮುದುಡಿಕೊಂಡು ಮೆಟ್ಟಿಲಿಳಿದವು. ಅವನು ನೋಡಲಾರದೆ ಕಿಟಕಿಯ ಕಡೆ ತಿರುಗಿದ. ಹಾಲ್ ಬಯಲಾಯಿತು, ನೆಲ ಬೆಚ್ಚಗೆ ಒಣಗಿತ್ತು. ಸಂಜೆ ಅವನು ಕುರ್ಚಿಯನ್ನು ಬಾಗಿಲ ಕಡೆಗೆ ತಿರುಗಿಸಿ ಹಾಕಿಕೊಂಡು ಅವಳಿಗೆ ಕಾದು ಕೂತ.

ಅವಳು ಬಂದಳು. ಖಾಲಿ ಜಾಗವನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ಆಮೇಲೆ ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋದಳು.