ನಕಲುಗಾರನ ದೋಣಿ

ಕಲಬುರಗಿಯ ಒಂದು ಸರಕಾರಿ ಕಚೇರಿಯಲ್ಲಿ ನೀಲಕಂಠ ನಕಲುಗಾರನಾಗಿದ್ದ. ಬೇರೆಯವರು ಬರೆದದ್ದನ್ನು ಇನ್ನೊಂದು ಕಾಗದಕ್ಕೆ ಇಳಿಸುವುದು ಅವನ ಕೆಲಸ. ಮೂಲದಲ್ಲಿ ತಪ್ಪಿದ್ದರೆ ಆ ತಪ್ಪನ್ನೂ ಅಷ್ಟೇ ದುಂಡಗೆ ಇಳಿಸಬೇಕು. ತಿದ್ದಿದರೆ ಸಾಹೇಬರಿಗೆ ಸಿಟ್ಟು. ಇಪ್ಪತ್ತಾರು ತುಂಬುವುದರೊಳಗೆ ಅವನ ಉರ್ದು ಅಕ್ಷರ ಮುತ್ತಿನಂತಾಗಿತ್ತು, ಬೆನ್ನು ಬಿಲ್ಲಿನಂತಾಗಿತ್ತು. ಇಂಥವನು, ನಿಜಾಮರ ರಾಜ್ಯದ ಫಸಲಿ ಲೆಕ್ಕದ ವರ್ಷ ಸಾವಿರದ ಮುನ್ನೂರ ಇಪ್ಪತ್ತೈದರಲ್ಲಿ ದೋಣಿ ಕಟ್ಟಲು ಹೊರಟ. ದೋಣಿಯಲ್ಲಿ ಕೂತದ್ದು ಹಾಗಿರಲಿ, ಅವನು ದೋಣಿಯನ್ನು ಕಣ್ಣಾರೆ ಕಂಡವನೂ ಅಲ್ಲ.

ಕಾರಣ ಹೆಂಡತಿ. ಭಾಗಮ್ಮನ ತವರು ಕಮಲಾಪುರದ ಹಳ್ಳದ ಆಚೆ ದಂಡೆಗಿತ್ತು. ಕೆಂಪು ಬಾಳೆಯ ತೋಟದ ಮನೆತನ. ಹಿಂದಿನ ಮಳೆಗಾಲದಲ್ಲಿ ಅವಳ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂದಾಗ ಅವಳು, “ಈಗಿಂದೀಗ ಹೊಂಡೋಣು” ಎಂದಿದ್ದಳು.

“ರಜಾ ಮಂಜೂರಾಗದ ಹ್ಯಾಂಗ ಹೊಂಡಲಿ? ನಾಳಿ ಸಾಹೇಬರ ಸಹಿ ಆಗತದ, ಆಮ್ಯಾಲ ಹೋದರಾಯ್ತು” ಎಂದಿದ್ದ ನೀಲಕಂಠ.

ಮರುದಿನ ಸಹಿ ಆಯಿತು, ಮೊಹರೂ ಬಿತ್ತು. ಮೊಹರು ಬಿದ್ದ ರಜೆ ತಗೊಂಡು ಗಂಡಹೆಂಡತಿ ಕಮಲಾಪುರ ಮುಟ್ಟುವಷ್ಟರಲ್ಲಿ ಹಳ್ಳ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಎರಡು ದಿನ ಈಚೆ ದಂಡೆಯಲ್ಲೇ ಕೂತರು. ನೀರು ಇಳಿದು ಆಚೆ ಹೋದಾಗ ಭಾಗಮ್ಮನಿಗೆ ಕಂಡದ್ದು ಹಸಿ ಮಣ್ಣಿನ ಗುಡ್ಡೆ, ಅದರ ಮೇಲೆ ನಾಲ್ಕು ಬಿಲ್ವಪತ್ರಿ. ಊರಿಗೆ ಹಿಂತಿರುಗುವ ದಾರಿಯುದ್ದಕ್ಕೂ ಅವಳು ಆಡಿದ್ದು ಒಂದೇ ಮಾತು: “ಒಂದ್ ದಿನಾ ಮೊದಲ ಹೊಂಟಿದ್ರ ನೀರ ಇರ್ತಿರಲಿಲ್ಲ.”

ತಪ್ಪಾಯಿತು ಎಂದುಬಿಟ್ಟಿದ್ದರೆ ಅದು ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಆದರೆ ನಮ್ಮಂಥ ತಿಂಗಳ ಪಗಾರದ ಜನ ತಪ್ಪು ಒಪ್ಪುವುದು ನೋಟೀಸು ಕೈಗೆ ಬಂದ ಮೇಲೆಯೇ. ನೀಲಕಂಠ ತಪ್ಪು ಒಪ್ಪುವ ಬದಲು ದೋಣಿ ಕಟ್ಟುತ್ತೇನೆಂದ. ಭಾಗಮ್ಮನ ತಂದೆ ಮಲ್ಲಣ್ಣ ಎಪ್ಪತ್ತು ದಾಟಿದ ಮುದುಕ.

“ಮುಂದ ಮಾವನವರಿಗೆ ಏನರೆ ಆದ್ರ, ಹಳ್ಳ ಹ್ಯಾಂಗರೆ ಬರಲಿ, ನಿನ್ನ ಕೂಡಿಸ್ಕೊಂಡು ಆಚಿ ದಂಡಿ ಮುಟ್ಟಸ್ತೀನಿ” ಎಂದ ನೀಲಕಂಠ.

“ಮೊದಲ ಹಿತ್ತಲ ಬಾಗಲದ ಅಗಳಿ ಸುದ್ದ ಮಾಡ್ರಿ. ಒಂದ್ ವರ್ಷಾತು ಹೇಳಾಕತ್ತು” ಎಂದಳು ಭಾಗಮ್ಮ.

ಯಾವುದೋ ಇಂಗ್ಲಿಷ್ ಮಾಸಪತ್ರಿಕೆಯ ಎರಡು ಹಾಳೆ ಕಚೇರಿಯ ರದ್ದಿಯಲ್ಲಿ ಸಿಕ್ಕಿದ್ದವು. ವಿಲಾಯತಿಯ ಸಾಹೇಬರು ಬಿಡುವಿನಲ್ಲಿ ಮನೆಯಂಗಳದಲ್ಲೇ ಸಣ್ಣ ದೋಣಿ ಮಾಡಿಕೊಳ್ಳುವ ಚಿತ್ರ ಅವುಗಳಲ್ಲಿತ್ತು. ಉದ್ದ, ಅಗಲ, ಎತ್ತರದ ಅಂಕಿಗಳೂ ಇದ್ದವು. ನೀಲಕಂಠನಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತಿದ್ದವು. ಚಿತ್ರದ ಸುತ್ತ ಒತ್ತೊತ್ತಾಗಿ ಅಚ್ಚಾಗಿದ್ದ ಮಾತುಗಳು ಮುಖ್ಯವಾದವೇ ಇರಬೇಕು. ಅವನು ಅವನ್ನು ಬಿಟ್ಟು ಚಿತ್ರ, ಅಂಕಿಗಳನ್ನಷ್ಟೇ ನಕಲು ಮಾಡಿಕೊಂಡ.

ಜೊತೆಗೆ ಸಿಕ್ಕವನು ಪಕ್ಕದ ಮನೆಯ ಮಲಂಗಸಾಬ, ಎತ್ತಿನ ಗಾಡಿಯ ಗಾಲಿ ಮಾಡುವವನು. ಸಂಜೆ ಕಚೇರಿ ಬಿಟ್ಟ ಮೇಲೆ ಮತ್ತು ಶುಕ್ರವಾರದ ರಜೆಗಳಲ್ಲಿ ಇಬ್ಬರೂ ಅಂಗಳದಲ್ಲಿ ಕೂತು ಹಲಗೆ ಕೆತ್ತಿದರು. ಕೆತ್ತಿದ ಹಲಗೆಗಳನ್ನು ಮಾಳಿಗೆಯ ಮೇಲೆ ಹರವಿ, ಬೇಸಿಗೆಯಿಡೀ ಬಿಸಿಲಿಗೆ ಬಿಟ್ಟರು.

“ಕಟ್ಟಿಗಿ ಒಣಗಿ ಹಪ್ಪಳ ಆಗಬೇಕ್ರಿ ಮುನ್ಷೀಜಿ” ಎನ್ನುತ್ತಿದ್ದ ಮಲಂಗಸಾಬ. “ಹಸಿ ಕಟ್ಟಿಗಿ ಗಾಲಿ ದಾರ್ಯಾಗ ಬಿಚ್ಚತದ.”

“ಇದು ಗಾಲಿ ಅಲ್ಲೋ ಮಾರಾಯಾ, ದೋಣಿ.”

“ಅರೇ ಭಾಯಿ, ಕಟ್ಟಿಗಿಗೇನ್ ಗೊತ್ತು, ತಾ ಗಾಲಿ ಆಗೀನೋ ದೋಣಿ ಆಗೀನೋ ಅಂತ?”

ನೀಲಕಂಠ ಹಾಳೆ ಬಿಡಿಸಿ ನೋಡಿದ. ಹಲಗೆ ಎಷ್ಟು ಒಣಗಿರಬೇಕೆಂದು ಚಿತ್ರದಲ್ಲಿರಲಿಲ್ಲ. ಬೆರಳಿನಿಂದ ತಟ್ಟಿದರೆ ಟಣ್ಣೆನ್ನುವಷ್ಟು ಒಣಗಿದ ಹಲಗೆಗಳನ್ನು ಕೂಡಿಸಿದರು. ಸಂದುಗಳಿಗೆ ಎಣ್ಣೆ, ಅರಗು ಮೆತ್ತಿದ ಹತ್ತಿಯ ಹುರಿಯನ್ನು ಉಳಿಯಿಂದ ಜಡಿದು, ಸೂಜಿ ಹೋಗಲೂ ಜಾಗವಿಲ್ಲದಂತೆ ತುಂಬಿದರು. ಕೊನೆಗೆ ಮಲಂಗಸಾಬ ಕಬ್ಬಿಣದ ಮೂರು ಪಟ್ಟಿಗಳನ್ನು ಕೆಂಪಗೆ ಕಾಯಿಸಿ, ಗಾಲಿಗೆ ಹಳಿ ಏರಿಸುವ ಹಾಗೆ ದೋಣಿಯ ಸುತ್ತ ಏರಿಸಿ ನೀರು ಹೊಯ್ದ. ಪಟ್ಟಿ ಬಿಗಿದ ರಭಸಕ್ಕೆ ಹಲಗೆಗಳು ಕಿರ್ರೆಂದವು. ಒಳಗೆ ಒಂದು ಕೊಡ ನೀರು ಸುರಿದು, ಒಂದು ಬೀಡಿ ಸೇದುವ ತನಕ ಕಾದು ನೋಡಿದರು. ಒಂದು ಹನಿಯೂ ಸೋರಲಿಲ್ಲ.

“ಮುನ್ಷೀಜಿ,” ಓಣಿಯ ವಿಮಲಾಬಾಯಿ ಬಾಗಿಲಲ್ಲಿ ನಿಂತು ಕೇಳಿದಳು, “ಒಂದ್ ಕೊಡಾ ನೀರಿಗೆ ಬಾಂವಿ ಮುಂದ ಸರತಿ ಹಚ್ಚೋ ಓಣಿ ನಮ್ಮದು. ಇದನ್ನ ಎದರಾಗ ತೇಲಸ್ತೀರಿ? ಸಾರಿನ್ಯಾಗ?”

ಭಾಗಮ್ಮ ಮೊದಮೊದಲು ದೋಣಿಯಲ್ಲಿ ಸಗಣಿಯ ಕುಳ್ಳು ಒಟ್ಟಿದಳು. ಆಮೇಲೆ ಯಾಕೋ ಕುಳ್ಳು ತೆಗೆದು ಗುಡಿಸಿದಳು. ಒಂದು ದಿನ ಅದರೊಳಗೇ ಕೂತು ಜೋಳ ಹಸನು ಮಾಡುತ್ತ, “ಮೂರ ಮಂದಿ ಹಿಡೀತಾರೇನ್ರಿ ಇದರಾಗ?” ಎಂದು ಕೇಳಿದಳು. ನೀಲಕಂಠ ಆ ಒಂದು ಮಾತಿನ ಮೇಲೆ ಎಂಟು ದಿನ ಬದುಕಿದ.

ಆಷಾಢದಲ್ಲಿ ಒಂದು ದಿನ ನಸುಕಿಗೇ ಅವಳ ತಮ್ಮ ಖಂಡೆಪ್ಪ ಗಾಡಿ ಕಟ್ಟಿಕೊಂಡು ಬಂದ. “ಅಪ್ಪ ಎರಡ ದಿನಾ ಉಳಿದ್ರ ಹೆಚ್ಚು, ಅಕ್ಕಾ. ನಿನ್ನ ಹೆಸರೇ ಹಿಡಿದಾನ.”

ಈ ಸಲ ನೀಲಕಂಠ ರಜೆಗೆ ಕಾಯಲಿಲ್ಲ. ತನ್ನ ಧೈರ್ಯಕ್ಕೆ ತಾನೇ ಬೆರಗಾಗಿ, ದೋಣಿಯನ್ನು ಗಾಡಿಗೆ ಏರಿಸಲು ಜನ ಕರೆದ.

“ಈ ಡಬ್ಬಾ ಯಾಕ ಮಾಮಾ?” ಎಂದ ಖಂಡೆಪ್ಪ. “ಹಳ್ಳದಾಗ ಮೊಣಕಾಲ ನೀರಿಲ್ಲ. ಹಗುರ ಗಾಡಿ, ಓಡಸ್ಕೊಂಡು ಹೋಗೋಣು.”

“ಆ ಕಡಿ ಮುಗಲ ನೋಡಪ್ಪಾ ಹ್ಯಾಂಗ ಕಪ್ಪಾಗ್ಯಾದ. ಹಳ್ಳ ಬಂದ್ರ ಮತ್ತ ದಂಡಿ ಮ್ಯಾಲ ಕೂಡೋಣೇನು?”

ಭಾಗಮ್ಮ ಮುಗಿಲನ್ನೊಮ್ಮೆ, ದೋಣಿಯನ್ನೊಮ್ಮೆ ನೋಡಿ, “ಹೇರ್ರಿ” ಎಂದಳು.

ಹೇರಿ ಬಿಗಿಯುವುದಕ್ಕೆ ಒಂದು ತಾಸು ಹಿಡಿಯಿತು. ದಿನ್ನೆ ಬಂದಲ್ಲೆಲ್ಲ ಇಳಿದು ಗಾಡಿ ದೂಡಬೇಕಾಯಿತು. ಮಧ್ಯಾಹ್ನಕ್ಕೆ ಮುಟ್ಟಬೇಕಾದ ಗಾಡಿ ಹಳ್ಳ ಮುಟ್ಟಿದಾಗ ಹೊತ್ತು ಇಳಿದಿತ್ತು. ನೀರು ಕೆಂಪಗೆ, ದಂಡೆಯ ಸಮ ಹರಿಯುತ್ತಿತ್ತು. ಎಮ್ಮೆ ಹೊಡೆದುಕೊಂಡು ಬಂದು ನಿಂತಿದ್ದ ಒಬ್ಬ ಮುದುಕ ತಾನಾಗಿಯೇ ಹೇಳಿದ: “ಮಧ್ಯಾನ್ಹ ನಾ ದಾಟೂಮುಂದ ಹಿಮ್ಮಡಾ ತೊಯ್ಲಿಲ್ಲ ನೋಡ್ರಿ. ಒಂದ್ ತಾಸಾತು ಹಳ್ಳ ಬಂದು.”

ಭಾಗಮ್ಮ ಅದನ್ನು ಕೇಳಿಸಿಕೊಂಡಳು. ಗಾಡಿಯಿಂದ ಇಳಿದು ನೀರಿನ ಅಂಚಿಗೆ ಹೋದಳು.

ದೋಣಿ ಇಳಿಸಿದರು. ತೇಲಿತು! ಆಚೀಚೆ ವಾಲದೆ ಹಗುರವಾಗಿ, ನೀರ ಮೇಲೆ ಹುಟ್ಟಿದ್ದೇ ಎಂಬಂತೆ ನಿಂತಿತು. ದೋಣಿ ನೋಡಲು ದಂಡೆಗೆ ಕೂಡಿದ್ದ ನಲವತ್ತು ಜನ ಹೋ ಎಂದರು. ಭಾಗಮ್ಮ ಸೀರೆಯ ಅಂಚು ಎತ್ತಿ ಕಟ್ಟಿ, ಒಂದು ಕಾಲು ದೋಣಿಯಲ್ಲಿಟ್ಟು ಗಂಡನ ಕಡೆ ತಿರುಗಿದಳು. ಮುಖದಲ್ಲಿ ನಗುವೇ ಇತ್ತು ಎನ್ನಬೇಕು. ಇನ್ನೂ ಅರ್ಧ ತಾಸಿನ ಬೆಳಕಿತ್ತು.

ನೀಲಕಂಠ ನೀರು ನೋಡಿದ. ಬೇರುಸಹಿತ ಕಿತ್ತ ಜಾಲಿಗಿಡವೊಂದು ಗಿರಗಿರ ತಿರುಗುತ್ತ ಹೋಯಿತು. ಅವನ ನಕಲು ಹಾಳೆಯಲ್ಲಿ ದೋಣಿಯ ಸುತ್ತ ಇದ್ದದ್ದು ಬಿಳಿ ಕಾಗದ ಮಾತ್ರ. ಅಂಜಿದ್ದು ಯಾರಿಗೂ ಕಾಣಬಾರದೆಂದು ಅವನು ಕಚೇರಿಯ ದನಿ ತೆಗೆದ.

“ಇವತ್ತ ಬ್ಯಾಡ. ಹಲಗಿಗೆ ನೀರಿನ ರೂಢಿ ಆಗಬೇಕು. ಒಂದ್ ರಾತ್ರಿ ನೀರಾಗ ಇರಲಿ, ಬೆಳಿಗ್ಗಿ ಎದ್ದಕೂಡ್ಲೆ ಹೋಗೋಣು.”

ಯಾರೂ ದೋಣಿ ಕಂಡಿರದ ಕಡೆ ದೋಣಿ ಕಟ್ಟಿದ ಪಂಡಿತನ ಮಾತಿಗೆ ಎದುರಾಡುವವರು ಯಾರು? ಭಾಗಮ್ಮ ಮಾತ್ರ ದನಿ ತಗ್ಗಿಸಿ ಕೇಳಿದಳು: “ಅಂಜಿಕಿ ಬಂತೇನ್ರಿ?”

“ಅಂಜಿಕಿ ಅಲ್ಲ. ದೋಣಿದು ಕಾಯ್ದೆ ಅದ ಹಂಗ.”

ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

ಬೆಳಿಗ್ಗೆ ನೋಡಿದರೆ ದೋಣಿಯ ತಳ ಒಡೆದಿತ್ತು. ಮೂರು ಹಲಗೆಗಳು ಮೊಳೆ ಕಿತ್ತುಕೊಂಡು ಮೇಲೆದ್ದಿದ್ದವು. ಕಬ್ಬಿಣದ ಪಟ್ಟಿಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಎಮ್ಮೆಯ ಮುದುಕ ಬಗ್ಗಿ ಕೈಯಾಡಿಸಿದ.

“ಒಣಾ ಕಟ್ಟಿಗಿ ನೀರ ಕುಡದ್ರ ಉಬ್ಬತದ್ರಿ. ಉಬ್ಬಲಿಕ್ಕ ಜಾಗಾ ಎಲ್ಲಿಟ್ಟೀರಿ? ಸಂದು ತುಂಬ ಹತ್ತಿ ಜಡದು ಸುತ್ತೂ ಪಟ್ಟಿ ಬಿಗಿದೀರಿ. ಅದು ಒಳಗ ಒಡೀದ ಏನ್ ಮಾಡೀತು?” ಎದ್ದು ಕೈ ಒರೆಸಿಕೊಳ್ಳುತ್ತ ಅಂದ, “ಒಂದ್ ರಾತ್ರಿ ಬೇಕಾಗ್ತದ ಉಬ್ಬಾಕ. ನಿನ್ನಿ ಸಂಜೀಕ ಹೊಂಟಿದ್ರ ನಾಕ ಸರ್ತಿ ಹೋಗಿ ಬರ್ತಿದ್ರಿ.”

ಅಷ್ಟರಲ್ಲಿ ಖಂಡೆಪ್ಪ ಪಕ್ಕದ ತೋಟದಿಂದ ಗೊನೆ ಕಡಿದ ಎಂಟು ಬಾಳೆದಿಂಡು ತಂದು, ಬಿದಿರು ಚುಚ್ಚಿ, ಹಗ್ಗ ಬಿಗಿಯುತ್ತಿದ್ದ. ಹೊತ್ತು ಮಾರುದ್ದ ಏರುವುದರೊಳಗೆ ತೆಪ್ಪ ತಯಾರಾಯಿತು.

“ನಾನೂ ಬರ್ತೀನಿ” ಎಂದ ನೀಲಕಂಠ.

“ಇಬ್ಬರ ವಜ್ಜಾ ಅಷ್ಟೇ ತಡೀತದ ಮಾಮಾ.”

ಭಾಗಮ್ಮ ಒದ್ದೆ ದಿಂಡುಗಳ ಮೇಲೆ ಕೂತು, ಬಿದಿರು ಹಿಡಿದು, “ನೀವು ರೂಢಿ ಮಾಡ್ಕೊಂಡು ಬರ್ರಿ” ಎಂದಳು. ತೆಪ್ಪ ಅಡ್ಡಡ್ಡ ಹರಿದು, ಕೆಳಗಿನ ತಿರುವಿನಲ್ಲಿ ಆಚೆ ದಂಡೆಗೆ ತಾಗಿತು. ಅವಳು ಕೆಸರಿನಲ್ಲಿ ಕೈಯೂರಿ ಏರಿ, ತೋಟದ ಕಡೆಗೆ ಓಡಿದಳು. ಹೊರಳಿ ನೋಡಲಿಲ್ಲ.

ನೀರು ಇಳಿದ ಮೇಲೆ, ಅವಳು ದಾಟಿದ ಮೂರನೆಯ ದಿನ ಸಂಜೆ ನೀಲಕಂಠ ಹಳ್ಳ ದಾಟಿದ. ಚಪ್ಪಲಿ ಕೈಯಲ್ಲಿ ಹಿಡಿದು, ನಡೆದುಕೊಂಡೇ. ಮಲ್ಲಣ್ಣ ಮಗಳ ಕೈಯಿಂದ ಎರಡು ಗುಟುಕು ಅಂಬಲಿ ಕುಡಿದು, ಒಂದೂವರೆ ದಿನ ಅವಳ ಮುಖ ನೋಡಿ ಹೋಗಿದ್ದ, ಮಣ್ಣೂ ಆಗಿತ್ತು. ಭಾಗಮ್ಮ ದೂರದ ಬೀಗರಿಗೆ ಕೊಡುವಂತೆ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ರೊಟ್ಟಿ ಬಡಿಸಿದಳು.

“ತಪ್ಪಾತು ಭಾಗಾ” ಎಂದ ಅವನು, ಕೊನೆಗೂ.

“ಆಗ್ಲಿ, ಉಣ್ರಿ” ಎಂದಳು.

ತಿಂಗಳ ಮೇಲೆ ಖಂಡೆಪ್ಪ ಅವಳನ್ನು ಕಲಬುರಗಿಗೆ ಬಿಟ್ಟುಹೋದ. ಸಂಸಾರ ನಡೆಯಿತು, ಮಕ್ಕಳಾದರು, ನೀಲಕಂಠ ಇನ್ನೂ ಇಪ್ಪತ್ತೆಂಟು ವರ್ಷ ನಕಲು ಮಾಡಿದ. ಭಾಗಮ್ಮ ಜಗಳ ತೆಗೆಯಲಿಲ್ಲ, ಹಳೆಯದನ್ನು ಎತ್ತಲೂ ಇಲ್ಲ. ಯಾರದ್ದಾದರೂ ಬೇನೆಯ ಸುದ್ದಿ ಬಂದರೆ ಗಂಟು ಕಟ್ಟಿ, ಅಡುಗೆ ಮುಚ್ಚಿಟ್ಟು ತಾನೇ ಹೊರಟುಬಿಡುತ್ತಿದ್ದಳು. ಸಂಜೆ ಕಚೇರಿಯಿಂದ ಬಂದ ಮೇಲೆ ನೀಲಕಂಠನಿಗೆ ಪಕ್ಕದವರು ಹೇಳುತ್ತಿದ್ದರು, ನಿಮ್ಮ ಮನೆಯವರು ಊರಿಗೆ ಹೋಗ್ಯಾರ ಅಂತ.