ಆಗೂದಿಲ್ಲ ಅನ್ನೂದ ತ್ರಿಶಲಾಳ ಉದ್ಯೋಗ

ತ್ರಿಶಲಾ ಮಾಳಿಗೆಯ ಕೋಣೆ ಬಾಡಿಗೆಗೆ ಕೇಳಲು ಬಂದ ದಿನ ರಬಕವಿಯ ಭಾಗವ್ವ ಮಗ್ಗದ ಮುಂದೆ ಕುಂತಿದ್ದಳು. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು, ಅಂದರೆ ಹಾಸು ಮುಗಿದಿತ್ತು; ಆ ಹಳೆಯ ಹಾಸಿನ ಒಂದೊಂದು ಎಳೆಗೆ ಹೊಸ ಹಾಸಿನ ಒಂದೊಂದು ಎಳೆ, ಬೂದಿ ಹಚ್ಚಿ ಹೊಸೆದು ಕೂಡಿಸುವ ಕೆಲಸ. ಕೈ ಬಿಡುವಂತಿರಲಿಲ್ಲ. ತಲೆ ಎತ್ತದೆಯೇ, ಉದ್ಯೋಗ ಏನೆಂದು ಕೇಳಿದಳು.

ತೇರದಾಳದ ಬೆಲ್ಲದ ವ್ಯಾಪಾರಿ ಪಾರಿಸಪ್ಪನ ಮಗಳು, ಜಮಖಂಡಿಯ ಕಾಲೇಜಿನಲ್ಲಿ ಕಂಪ್ಯೂಟರಿನ ಗಣಿತ ಕಲಿಸುವಾಕೆ. ಅದನ್ನು ಕೇಳಿ ಮರುದಿನವೇ ಓಣಿಯವರು ಕೆಟ್ಟ ಪ್ರಿಂಟರ್ ಹೊತ್ತು ತಂದರು. ತನಗೆ ರಿಪೇರಿ ಬರುವುದಿಲ್ಲ, ಯಂತ್ರ ಎಷ್ಟೇ ದೊಡ್ಡದಿರಲಿ ಯಾವ ಕೆಲಸ ಇಂತಿಷ್ಟು ಹೊತ್ತಿಗಿಂತ ಬೇಗ ಆಗುವುದಿಲ್ಲ ಎಂದು ತೋರಿಸುವುದಷ್ಟೇ ತನ್ನ ಕೆಲಸ ಎಂದಳು ತ್ರಿಶಲಾ.

"ಆಗೂದಿಲ್ಲ ಅನ್ನಾಕ ಪಗಾರ ಕೊಡ್ತಾರೇನ್ರಿ?" ಭಾಗವ್ವ ಕೇಳಿದಳು.

"ಯಾಕ ಆಗೂದಿಲ್ಲ ಅಂತ ತೋರಿಸಿದ್ರ ಕೊಡ್ತಾರ್ರಿ."

ಭಾಗವ್ವನ ಗಂಡ ಇದ್ದಾಗ ಆಗೂದಿಲ್ಲ ಎಂಬುದನ್ನೇ ಮೂವತ್ತು ವರ್ಷ ಪುಕ್ಕಟೆ ಹೇಳಿದ್ದ.

ತ್ರಿಶಲಾ ಆರು ವರ್ಷ ಒಂದೇ ಮಾತಿನ ಬೆನ್ನು ಹತ್ತಿದಳು. ಇಬ್ಬರು ಬೇರೆ ಬೇರೆ ಕುಂತು ಒಂದು ಕೆಲಸ ಮಾಡಿದರೆ, ಒಬ್ಬರಿಗೊಬ್ಬರು ಎಲ್ಲವನ್ನೂ ಹೇಳಿಕೊಳ್ಳದ ಹೊರತು ತಪ್ಪಾಗಿದೆ ಎಂಬುದೇ ತಿಳಿಯುವುದಿಲ್ಲ ಎಂಬ ಮಾತು. ಅದನ್ನು ಲೆಕ್ಕದಿಂದ ಸಾಧಿಸಿ ಬರೆದು ಕಳಿಸಿದ್ದನ್ನು ಗಣಿತದ ಪತ್ರಿಕೆಯವರು ಒಪ್ಪಿದರು. ಅಚ್ಚಾದರೆ ಪ್ರೊಫೆಸರ್ ಹುದ್ದೆ ಖಾತ್ರಿ. ಓಣಿಗೆಲ್ಲ ಪೇಡೆ ಹಂಚಿದಳು.

ಜೈನರ ಪದ್ಧತಿಯಂತೆ ಹೊತ್ತು ಮುಳುಗುವ ಮುಂಚೆ ಉಣ್ಣುವವಳು, ಆ ಸಂಜೆ ತಾಟು ಹಿಡಿದು ಮಗ್ಗದ ಕೋಣೆಗೆ ಬಂದಳು. ಎಡದಂಚಿನಿಂದ ಭಾಗವ್ವ, ಬಲದಂಚಿನಿಂದ ಆಕೆಯ ನೆಗೆಣ್ಣಿ, ಅದೇ ಮನೆಯ ಇನ್ನೊಬ್ಬ ಸೊಸೆ ಗಂಗಾಂಬಿಕಾ ಎಳೆ ಕೂಡಿಸುತ್ತ ನಡುವಿಗೆ ಬಂದಿದ್ದರು. ಹನ್ನೊಂದು ವರ್ಷದ ಹಿಂದೆ ನಡುವೆ ಒಂದು ಎಳೆ ಉಳಿದು, ನೀ ತಪ್ಪಿಸಿದಿ, ನೀ ತಪ್ಪಿಸಿದಿ ಎಂದು ಜಗಳಾಡಿ ಇಬ್ಬರೂ ಮಾತು ಬಿಟ್ಟಿದ್ದರು. ಕೆಲಸ ಬಿಟ್ಟಿರಲಿಲ್ಲ.

ಇವತ್ತೂ ಜೋಡಿಯಿಲ್ಲದ ಒಂದು ಹೊಸ ಎಳೆ ಉಳಿಯಿತು.

"ಏನಾತ್ರಿ?"

"ನಮ್ಮಿಬ್ರಾಗ ಯಾರೋ ಒಂದ ಹಳೇ ಎಳಿ ಬಿಟ್ಟೇವ್ರಿ."

"ನೀವಿಬ್ರೂ ಏನೂ ಮಾತಾಡಿಲ್ಲಲ್ರಿ?"

"ಹನ್ನೊಂದ ವರ್ಷ ಆತ್ರಿ."

ತ್ರಿಶಲಾ ರೊಟ್ಟಿ ಅರ್ಧಕ್ಕೇ ಬಿಟ್ಟು ಮಾಳಿಗೆ ಹತ್ತಿದಳು. ಮೂರು ದಿನ ಇಳಿಯಲಿಲ್ಲ. ನಾಲ್ಕನೆಯ ದಿನ, ಮಾತಿಲ್ಲದೆಯೇ ತಪ್ಪು ಗೊತ್ತಾಗುವ ಇಂಥದೊಂದು ದಾರಿ ತನ್ನ ಲೆಕ್ಕದಲ್ಲಿ ಬಿಟ್ಟುಹೋಗಿದೆ, ಆರು ವರ್ಷದ ಮಾತು ಸುಳ್ಳು ಎಂದಳು. ತೇರದಾಳದಿಂದ ಪಾರಿಸಪ್ಪ ಬಂದು, ಓದಿ ಒಪ್ಪಿದ ಪತ್ರಿಕೆಯವರಿಗೇ ಸಿಗದ ತಪ್ಪನ್ನು ನೀನ್ಯಾಕೆ ಹೇಳುತ್ತಿ ಎಂದು ತಿಳಿಸಿ ಹೇಳಿದ. ಅಚ್ಚು ಹಾಕಬೇಡಿರೆಂದು ಆಕೆ ಪತ್ರ ಬರೆದೇಬಿಟ್ಟಳು. ಹುದ್ದೆ ಅದೇ ಕಾಲೇಜಿನ ರಾಚಪ್ಪ ಸರ್‌ಗೆ ಹೋಯಿತು. ಅವರಿಗೆ ಪ್ರಿಂಟರ್ ರಿಪೇರಿಯೂ ಬರುತ್ತಿತ್ತು.

ಮರುವರ್ಷ ಮುಧೋಳದ ಕಾಲೇಜಿಗೆ ಹೊರಟಾಗ ತ್ರಿಶಲಾಳ ಬಗಲಲ್ಲಿ ಲೆಕ್ಕ ಬರೆಯುವ ಹೊಸ ವಹಿ ಇತ್ತು. ಹೊಸ್ತಿಲು ದಾಟಿದವಳು ತಿರುಗಿ ನಿಂತಳು. ಒಳಗೆ ಗಂಗಾಂಬಿಕಾಳ ಕೈಯೂ ನಿಂತಿತು.

"ಭಾಗವ್ವಾರ, ನಡುವ ಒಂದ ಎಳಿ ಉಳೀತಂದ್ರ, ತಪ್ಪಿಸಿದವ್ರು ನೀವೋ ಅವ್ರೋ, ಅದು ಹೆಂಗ ಗೊತ್ತಾಗತೈತ್ರಿ?"